ದೈತ್ಯನಿಗೊಂದು ದನಿ

ಪ್ರಿಯಂವದಾ ಆ ಮರದ ಬಾಗಿಲನ್ನು ತಳ್ಳಿದ್ದೇ ತಡ, ಒಳಗೆ ಏನೋ ಧಡಾರನೆ ಬಿತ್ತು.

ನೆಲ ನಡುಗಿತು. ಮುಖದ ತುಂಬ ಧೂಳು. ಕಣ್ಣು, ಮೂಗು, ಕೂದಲು... ಎಲ್ಲ ಕಡೆ ತೊಗರಿಬೇಳೆಯ ವಾಸನೆ.

ಕೆಮ್ಮುತ್ತಾ ಕಣ್ಣು ಬಿಟ್ಟರೆ ಎದುರಿಗೆ ತೆಳ್ಳಗಿನ ಒಬ್ಬ ಯುವಕ. ಅವನ ಕಾಲ ಬಳಿ ಬೇಳೆಯ ಚೀಲ. ಚೀಲದ ಪಕ್ಕದಲ್ಲಿ ಸ್ಟ್ಯಾಂಡಿಗೆ ಸಿಕ್ಕಿಸಿದ ಮೈಕು.

"ಛೇ, ರೆಕಾರ್ಡಿಂಗ್ ಹಾಳಾಯಿತು," ಎಂದು ಅವನು ಮರಾಠಿಯಲ್ಲಿ ಗೊಣಗಿದ.

"ನಾನು ಪ್ರಿಯಂವದಾ. ನಾಶಿಕದ ಸ್ಟುಡಿಯೋದಿಂದ ಬಂದಿದ್ದೀನಿ," ಎಂದಳು ಅವಳೂ ಮರಾಠಿಯಲ್ಲೇ, ದುಪಟ್ಟಾದಿಂದ ಮುಖ ಒರೆಸಿಕೊಳ್ಳುತ್ತಾ.

ಅವನು ಕೂತುಕೊಳ್ಳಿ ಅನ್ನಲಿಲ್ಲ. ನೀರು ಬೇಕಾ ಅನ್ನಲಿಲ್ಲ.

"ನಿಮ್ಮ ದೈತ್ಯನ ನಡಿಗೆ ಸರಿಯಿಲ್ಲ," ಎಂದ.

ಸುಡು ಬಿಸಿಲಲ್ಲಿ ಸರ್ಕಾರಿ ಎಸ್ಟಿ ಬಸ್ಸು ಹತ್ತಿ, ಲ್ಯಾಪ್‌ಟಾಪನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು, ಯೇವಲಾ, ವೈಜಾಪುರ ದಾಟಿ ಬಂದವಳಿಗೆ ಸಿಕ್ಕ ಸ್ವಾಗತ ಅದು.

ಅದು 2015ರ ಬೇಸಿಗೆ. ಈಗ ಛತ್ರಪತಿ ಸಂಭಾಜಿನಗರ ಎಂದು ಹೆಸರಾಗಿರುವ ಊರಿಗೆ ಬಸ್ಸಿನ ಬೋರ್ಡಿನಲ್ಲಿ ಆಗಿನ್ನೂ ಔರಂಗಾಬಾದ್ ಎಂದೇ ಬರೆದಿರುತ್ತಿತ್ತು. ಅಲ್ಲಿನ ಹಳೇ ಮೋಂಢಾದಲ್ಲಿ, ಅಂದರೆ ಕಾಳುಕಡಿಯ ಸಗಟು ಪೇಟೆಯಲ್ಲಿ, ಒಂದು ಬೇಳೆ ಅಂಗಡಿಯ ಮೇಲಿನ ಗೋದಾಮೇ ಅಮರ ಎಂಬ ಈ ಯುವಕನ ರೆಕಾರ್ಡಿಂಗ್ ಸ್ಟುಡಿಯೋ. ಹೊರಗಿನ ಸದ್ದು ಒಳಗೆ ಬರಬಾರದೆಂದು ಗೋಡೆಗೆಲ್ಲ ಗೋಣಿತಟ್ಟು ಹೊಡೆದಿದ್ದ. ಗಾಳಿಯೂ ಬರುತ್ತಿರಲಿಲ್ಲ.

ಪ್ರಿಯಂವದಾಳ ಕೆಲಸ ವಿಡಿಯೋ ಗೇಮ್‌ಗಳ ಪಾತ್ರಗಳಿಗೆ ಜೀವ ಕೊಡುವುದು. ನಾಶಿಕದ ಒಂದು ಸಣ್ಣ ಕಂಪನಿಯಲ್ಲಿ, ಉತ್ಕರ್ಷ ಎಂಬವನ ಕೈಕೆಳಗೆ. ಅವರು ಮಾಡುತ್ತಿದ್ದ ಆಟ ನಾರ್ವೆ, ಐಸ್‌ಲ್ಯಾಂಡ್ ಕಡೆಯ ಹಳೆಯ ಪುರಾಣದ್ದು. ಆಡುವವನು ಸಿಡಿಲಿನ ದೇವರು ಥೋರ್ ಆಗಬೇಕು. ಕೊನೆಯ ಹಂತದಲ್ಲಿ ಅವನೆದುರು ನಿಲ್ಲುವವನು ಹ್ರುಂಗ್ನಿರ್. ಬೆಟ್ಟದಂಥ ದೈತ್ಯ. ತಲೆ ಕಲ್ಲಿನದು, ಎದೆಯೊಳಗಿನ ಹೃದಯವೂ ಕಲ್ಲಿನದು. ಅದಕ್ಕೆ ಮೂರು ಮೂಲೆ.

ಒಂದು ವರ್ಷದಿಂದ ಅವಳು ಆ ದೈತ್ಯನ ಜೊತೆಗೇ ಏಳುತ್ತಿದ್ದಳು, ಮಲಗುತ್ತಿದ್ದಳು. ಅವನ ಮೂಳೆ, ಅವನ ಭುಜ, ಅವನ ಹೆಜ್ಜೆ ಎಲ್ಲವೂ ಅವಳ ಕೈಯಿಂದ ಆದದ್ದು. ದನಿ ಮತ್ತು ಸದ್ದುಗಳ ಕೆಲಸವನ್ನು ಉತ್ಕರ್ಷ ಅಮರನಿಗೆ ಕೊಟ್ಟಿದ್ದ.

ಆ ಅಮರ ದನಿ ಕೊಡುವುದು ಬಿಟ್ಟು ಮೇಲ್ ಕಳಿಸುತ್ತಿದ್ದ. ನಡಿಗೆ ಸರಿಯಿಲ್ಲ. ಹೆಜ್ಜೆ ಹಗುರ. ತಿದ್ದಿದರೆ, ಹೆಜ್ಜೆ ಅತಿ ಭಾರ. ಮತ್ತೆ ತಿದ್ದಿದರೆ, ಏನೋ ಕಮ್ಮಿ ಅನಿಸುತ್ತೆ...

ಏನೋ ಅಂದ್ರೆ ಏನಪ್ಪಾ?

"ನೀನೇ ಹೋಗು. ಎದುರಿಗೆ ಕೂತು ಮುಗಿಸಿಕೊಂಡು ಬಾ," ಎಂದು ಉತ್ಕರ್ಷ ಕೈ ಮುಗಿದು ಕಳಿಸಿದ್ದ.

ಈಗ ಆ ಮಹಾನುಭಾವ ಎದುರಿಗಿದ್ದಾನೆ. ನೋಡಿದರೆ ಬಾಯಲ್ಲಿ ಅದೇ ಮಾತು.

ಪ್ರಿಯಂವದಾ ಗೋಡೆಯ ಕಡೆ ತಿರುಗಿದಳು. ಸಿಟ್ಟು ಬಂದಾಗ ಅವಳಿಗೆ ಮರಾಠಿ ಸಾಲುತ್ತಿರಲಿಲ್ಲ. ಅಪ್ಪನ ಬ್ಯಾಂಕ್ ಟ್ರಾನ್ಸ್‌ಫರ್ ಅವರನ್ನು ಧಾರವಾಡದಿಂದ ನಾಶಿಕಕ್ಕೆ ತಂದು ಎಷ್ಟೋ ವರ್ಷವಾಗಿದ್ದರೂ, ಸಿಟ್ಟು ಮಾತ್ರ ಇನ್ನೂ ಧಾರವಾಡದಲ್ಲೇ ಇತ್ತು.

"ದೇವರೇ, ಎಲ್ಲಿಂದ ಗಂಟುಬಿತ್ತಪಾ ನನಗ ಈ ಪೀಡಾ," ಎಂದು ಗೋಣಿತಟ್ಟಿಗೆ ಹೇಳಿದಳು.

"ಬೀದರದಿಂದರಿ," ಎಂದಿತು ಹಿಂದಿನಿಂದ ದನಿ.

ಪ್ರಿಯಂವದಾ ಗಕ್ಕನೆ ತಿರುಗಿದಳು.

ಅವನು ನಗಲೂ ಇಲ್ಲ. "ನಮ್ಮದು ಬೀದರ ಕಡಿ. ಅಪ್ಪ ಇಲ್ಲಿ ಬ್ಯಾಳಿ ವ್ಯಾಪಾರಕ್ಕ ಬಂದು ಭಾಳ ವರ್ಷ ಆಗ್ಯಾದ. ನೀವು ಧಾರವಾಡದವ್ರೇನ್ರಿ?"

ಬೇರೆ ಯಾರಾದರೂ ಆಗಿದ್ದರೆ ನಾಚಿಕೆಯಾಗುತ್ತಿತ್ತೇನೋ. ಪ್ರಿಯಂವದಾಗೆ ಆದದ್ದು ಬೇರೆ. ಓಹ್... ಇವನಿಗೆ ಕನ್ನಡ ಬರುತ್ತೆ. ಅಂದರೆ ಹುಡುಕಿ ಹುಡುಕಿ ಮರಾಠಿಯಲ್ಲಿ ಮರ್ಯಾದೆಯ ಮಾತು ಜೋಡಿಸಬೇಕಿಲ್ಲ.

"ಹೌದು, ಧಾರವಾಡದಾಕಿ," ಎಂದು ಶುರು ಮಾಡಿದಳು. "ಕೇಳ್ರಿ ಹಂಗಾರ. ನನಗ ವೈತಾಗ್ ಬಂದದ, ತಲಿ ಕೆಟ್ಟು ಹೋಗೇದ. ಹಗುರ ಅಂತೀರಿ, ಭಾರ ಮಾಡಿದ್ರ ಭಾರ ಆತು ಅಂತೀರಿ. ನಾ ಏನ್ ಮಾಡ್ಲಿ? ಎಲ್ಲಾರೂ ಬರ್ತೀರಿ, ಹಿಂಗ ನಿಲ್ಲು ಅಂತೀರಿ, ಹಂಗ ನಡಿ ಅಂತೀರಿ. ಕಡೀಕ ತಪ್ಪು ಯಾರದು? ನಂದು. ಎಷ್ಟಂತ ತಾಳಬೇಕು ಒಬ್ಬಾಕಿ? ಸಾಕಾಗೇದ ನನಗ... ಬಿಡ್ರಿ ನನ್ನ, ಬಿಟ್ಟುಬಿಡ್ರಿ."

ಕೊನೆಯ ಮಾತಿಗೆ ಅವಳ ದನಿ ಒಡೆಯಿತು. ಅವಳಿಗೇ ಆಶ್ಚರ್ಯವಾಯಿತು. ಇದು ಬರೀ ಇವನ ಮೇಲಿನ ಸಿಟ್ಟಲ್ಲ... ಉತ್ಕರ್ಷನ ಮೇಲೆ, ರಜೆಯಿಲ್ಲದ ಭಾನುವಾರಗಳ ಮೇಲೆ, ನಿನ್ನ ಗೇಮ್ ಯಾವಾಗ ಮುಗೀತದ, ಮದುವಿ ಯಾವಾಗ ಎಂದು ದಿನಾ ಕೇಳುವ ಅಮ್ಮನ ಮೇಲೆ... ಎಲ್ಲರ ಮೇಲಿನ ಸಿಟ್ಟು ಒಟ್ಟಿಗೆ ಹೊರಬಂದಿತ್ತು.

ಅಮರ ಕಾಲ ಬಳಿಯ ಚೀಲ ಸರಿಸಿ ಜಾಗ ಮಾಡಿದ.

"ಕೂಡ್ರಿ," ಎಂದ ಮೆತ್ತಗೆ. "ನೀರ್ ತರ್ತೀನಿ."

ಮೈಕಿನ ಪಕ್ಕದ ಕೆಂಪು ದೀಪ ಇನ್ನೂ ಉರಿಯುತ್ತಿದೆ ಎಂಬುದನ್ನು ಇಬ್ಬರೂ ಆ ಹೊತ್ತಿಗೆ ಗಮನಿಸಿರಲಿಲ್ಲ.

* * *

ನೀರಿನ ಹಿಂದೆಯೇ ಊಟ ಬಂತು. ಅಮರನ ತಾಯಿ ಸಂಗಮ್ಮ ಜೋಳದ ರೊಟ್ಟಿ, ಶೇಂಗಾ ಹಿಂಡಿ ತಟ್ಟೆಗೆ ಹಾಕಿಕೊಂಡು ಮೇಲೆ ಬಂದರು.

"ಕನ್ನಡದ ಹುಡುಗಿ ಬಂದಾಳಂತ. ಕೆಳಗತನ ಕೇಳ್ತು ನಿನ್ನ ದನಿ," ಎಂದರು ಸಂತೋಷದಿಂದ. ಪ್ರಿಯಂವದಾಗೆ ರೊಟ್ಟಿ ಗಂಟಲಲ್ಲೇ ನಿಂತಿತು.

ಊಟ ಮಾಡುತ್ತಾ ಅಮರ ಕೇಳಿದ, "ಹ್ರುಂಗ್ನಿರ್ ಯಾಕ ಸಿಟ್ಟಾಗ್ಯಾನ, ಹೇಳ್ರಿ ನೋಡೋಣ."

"ದೈತ್ಯ. ಸಿಟ್ಟಾಗೋದೇ ಅವನ ಕೆಲಸ."

"ಇಲ್ಲರಿ. ಪುರಾಣದಾಗ ಅವ ತಾನಾಗೇ ಜಗಳಕ್ಕ ಹೋಗಿಲ್ಲ. ದೇವರೇ ತಮ್ಮ ಮನಿಗಿ ಕರದ್ರು, ಕೂಡಿಸಿದ್ರು, ಕುಡಿಸಿದ್ರು. ಆಮ್ಯಾಲ ಬ್ಯಾಸರ ಬಂತು, ಥೋರ್‌ನ ಕರದು ಹೊಡಿ ಅಂದ್ರು."

"ಕುಡದು ಏನಂದ ಅದನ್ನೂ ಹೇಳ್ರಿ. ದೇವರನ್ನೆಲ್ಲಾ ಕೊಲ್ತೀನಿ, ಅವರ ಹೆಣ್ಣುಮಕ್ಕಳನ್ನ ಎತ್ತಿಕೊಂಡು ಹೋಗ್ತೀನಿ ಅಂದ. ನಾನೂ ಓದೀನಿ."

ಅಮರ ತುಸು ಪೆಚ್ಚಾದ. "ಅಂದಾನ. ತಪ್ಪೇ."

"ಮತ್ತ?"

"ಅವ ಒಳ್ಳೇವ ಅಂತ ಹೇಳ್ಲಕತ್ತಿಲ್ಲರಿ. ಆದ್ರ ಕಾಳಗದ ದಿನ ನೋಡ್ರಿ... ನಶಾ ಇಳದಾದ. ಥೋರ್ ನೆಲದ ಕೆಳಗಿಂದ ಬರ್ತಾನ ಅಂತ ಯಾರೋ ಸುಳ್ಳು ಹೇಳ್ಯಾರ. ಅದನ್ನ ನಂಬಿ, ಕೈಯಾಗಿನ ಢಾಲನ್ನ ಕಾಲ ಕೆಳಗ ಹಾಕ್ಕೊಂಡು ನಿಂತಾನ. ಅಂಥವ ಓಡಿ ಬಂದು ಘರ್ಜಿಸ್ತಾನೇನ್ರಿ? ನೀವು ಹುಲಿ ಮಾಡೀರಿ. ಅವ ಹುಲಿ ಅಲ್ಲ. ಅವನಿಗಿ ಸಾಕಾಗ್ಯಾದ."

ಇಷ್ಟು ದಿನ ಇದನ್ನು ಮೇಲ್‌ನಲ್ಲಿ ಬರೆಯಲಿಕ್ಕೆ ಏನಾಗಿತ್ತು ಇವನಿಗೆ?

ಅದನ್ನೇ ಕೇಳಿದಳು.

"ನನಗೂ ಇವತ್ತೇ ತಿಳದದ್ದು," ಎಂದ ಅಮರ. ಯಾಕೋ ಅವಳ ಮುಖ ನೋಡಲಿಲ್ಲ.

ಅವಳು ಲ್ಯಾಪ್‌ಟಾಪ್ ತೆರೆದಳು. ದೈತ್ಯನ ಓಟ ತೆಗೆದಳು. ಭುಜ ತುಸು ಇಳಿಸಿದಳು. ಪ್ರತಿ ಹೆಜ್ಜೆಗೆ ಮುಂಚೆ, ಮತ್ತೆ ಏಳಬೇಕಾ ಅನ್ನುವಂತೆ, ಒಂದು ಸಣ್ಣ ತಡೆ ಇಟ್ಟಳು. ಅಮರ ಆ ಹೆಜ್ಜೆಗೆ ಸರಿಯಾಗಿ ಬೇಳೆ ಚೀಲ ಬೀಳಿಸಿದ. ಪರದೆಯ ಮೇಲೆ ಹ್ರುಂಗ್ನಿರ್ ಮೊದಲ ಸಲ ನಿಜವಾಗಿ ನಡೆದ.

ಅವಳು ಅದನ್ನು ಮತ್ತೊಮ್ಮೆ ಓಡಿಸಿ ನೋಡಿದಳು.

ಥೂ... ಇವನು ಹೇಳಿದ್ದು ಸರಿಯಿತ್ತು. ಅದಕ್ಕೇ ಇನ್ನೂ ಸಿಟ್ಟು ಬರ್ತಿದೆ.

* * *

ಆಮೇಲೆ ಫೋನು ಶುರುವಾಯಿತು. ಕೆಲಸದ ಫೋನೇ. ಆದರೆ ಕೆಲಸ ಮುಗಿದ ಮೇಲೂ ಇಬ್ಬರೂ ಇಡುತ್ತಿರಲಿಲ್ಲ. ಅಮರ ಒಂದು ಮಾತಿಗೆ ಉತ್ತರ ಕೊಡಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದನೆಂದರೆ, ಲೈನು ಕಟ್ಟಾಯಿತೇನೋ ಎಂದು ಅವಳು ಎಷ್ಟೋ ಸಲ ಫೋನು ಇಟ್ಟುಬಿಟ್ಟಿದ್ದಳು.

"ಇದ್ದೀರೇನ್ರಿ?"

"ಇದ್ದೀನ್ರಿ. ವಿಚಾರ ಮಾಡ್ಲಕತ್ತೀನಿ."

"ಊಟ ಆತೇನು ಅಂತ ಕೇಳೀನಿ. ಅದಕ್ಕ ಏನು ವಿಚಾರ?"

ಅವಳಿಗೆ ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು. ಆದರೂ ಫೋನು ಬಾರದ ದಿನ ಅವಳೇ ಮಾಡುತ್ತಿದ್ದಳು.

ಎರಡೂ ಊರಿನಿಂದ ಹೆಚ್ಚುಕಮ್ಮಿ ಅರ್ಧ ದಾರಿ ಯೇವಲಾ. ಅಲ್ಲಿನ ಬಸ್ ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಅವರು ಭೇಟಿಯಾಗತೊಡಗಿದರು. ಅವಳು ಹೊಸ ಚಲನೆಗಳನ್ನು ತೋರಿಸುತ್ತಿದ್ದಳು, ಅವನು ಹೊಸ ಸದ್ದುಗಳನ್ನು ಕೇಳಿಸುತ್ತಿದ್ದ. ಪಕ್ಕದಲ್ಲಿ ಪೈಠಣಿ ಸೀರೆ ಕೊಳ್ಳಲು ಬಂದ ಹೆಂಗಸರು ಚಹಾ ಕುಡಿಯುತ್ತಾ, ಕಲ್ಲು ಒಡೆಯುವ ಸದ್ದು ಕೇಳಿ ಬೆಚ್ಚಿ ನೋಡುತ್ತಿದ್ದರು.

"ದೈತ್ಯನ ಮಾತು ಯಾವಾಗ ಕೇಳಸ್ತೀರಿ?" ಎಂದು ಅವಳು ಪ್ರತಿ ಸಲ ಕೇಳುತ್ತಿದ್ದಳು.

"ಆಗ್ಲಕತ್ತದರಿ," ಎಂದು ಅವನು ಪ್ರತಿ ಸಲ ಹೇಳುತ್ತಿದ್ದ.

ಒಂದು ಸಂಜೆ ಔರಂಗಾಬಾದಿನ ಬಸ್ಸು ಹಾರ್ನ್ ಹೊಡೆಯುತ್ತಿದ್ದಾಗ ಅಮರ ಎದ್ದವನು ಮತ್ತೆ ಕೂತ.

"ಪ್ರಿಯಂವದಾ... ನಿಮಗ ಒಂದ್ ಮಾತ್ ಹೇಳೂದದ."

ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಹೇಳ್ರಿ."

ಅವನು ಯೋಚಿಸಿದ. ಯೋಚಿಸುತ್ತಲೇ ಇದ್ದ. ಕಂಡಕ್ಟರ್ ಎರಡನೇ ಸಲ ಕೂಗಿದ.

"ಹೇಳ್ರಿ, ಬಸ್ ಹೊಂಟದ," ಎಂದಳು.

"ಈಗ ಬ್ಯಾಡ. ಹಿಂಗ ಗಡಿಬಿಡಿಯಾಗ ಹೇಳೂದಲ್ಲ ಅದು." ಅವನು ಓಡಿ ಬಸ್ಸು ಹತ್ತಿದ.

ನಾಶಿಕದ ದಾರಿಯುದ್ದಕ್ಕೂ ಪ್ರಿಯಂವದಾ ಕಿಟಕಿಯ ಹೊರಗಿನ ದ್ರಾಕ್ಷಿ ತೋಟಗಳನ್ನು ನೋಡುತ್ತಾ ಒಬ್ಬಳೇ ನಗುತ್ತಿದ್ದಳು. ಎಂಥ ಪೆದ್ದು... ಅಷ್ಟು ಹೇಳಲಿಕ್ಕೆ ಇಷ್ಟು ಯೋಚನೆ ಬೇಕಾ? ಪರವಾಗಿಲ್ಲ. ಮುಂದಿನ ಸಲ ಹೇಳ್ತಾನೆ.

* * *

ಮುಂದಿನ ಸಲ ಅಂದರೆ ಆಟದ ಪ್ರದರ್ಶನದ ದಿನ.

ನಾಶಿಕದ ಒಂದು ಹೋಟೆಲಿನ ಹಾಲ್. ಆಟವನ್ನು ಮಾರುಕಟ್ಟೆಗೆ ಬಿಡಬೇಕಾದ ಮುಂಬೈ ಕಂಪನಿಯಿಂದ ಮೃದುಲಾ ಎಂಬ ಹಿರಿಯ ಅಧಿಕಾರಿ ಬಂದಿದ್ದರು. ಅವರು ಒಪ್ಪಿದರೆ ಆಟ ಉಂಟು. ಇಲ್ಲದಿದ್ದರೆ ಉತ್ಕರ್ಷನ ಸ್ಟುಡಿಯೋಗೆ ಬೀಗ.

ಅಮರ ಬಸ್ಸು ತಡವಾಗಿ, ದೀಪ ಆರಿಸಿದ ಮೇಲೆ ಬಂದು ಹಿಂದಿನ ಬಾಗಿಲ ಬಳಿ ನಿಂತ. ಪ್ರಿಯಂವದಾ ಮುಂದಿನ ಸಾಲಿನಿಂದ ತಿರುಗಿ ನೋಡಿ ನಕ್ಕಳು.

ಪರದೆಯ ಮೇಲೆ ಹಿಮ. ಹಿಮದೊಳಗಿಂದ ಬೆಟ್ಟವೊಂದು ಎದ್ದಿತು. ಅವಳ ಹ್ರುಂಗ್ನಿರ್. ಧಡ್... ಧಡ್... ನಿಂತ. ಗುರಾಣಿಯನ್ನು ಕಾಲ ಕೆಳಗೆ ಹಾಕಿದ. ಕಲ್ಲಿನ ತಲೆಯನ್ನು ನಿಧಾನವಾಗಿ ಎತ್ತಿದ. ಬಾಯಿ ತೆರೆದ.

ಬಂಡೆಗಳು ಉಜ್ಜಿದಂಥ ದನಿ ಇಡೀ ಹಾಲ್ ತುಂಬಿತು. ಆಳದಿಂದ, ಬಹಳ ಆಳದಿಂದ, ಎಳೆದೆಳೆದು...

"ಎಷ್ಟಂತ... ತಾಳಬೇಕು... ಸಾಕಾಗೇದ... ನನಗ... ಬಿಡ್ರಿ ನನ್ನ... ಬಿಟ್ಟುಬಿಡ್ರಿ..."

ಪ್ರಿಯಂವದಾ ಕುರ್ಚಿಯ ಅಂಚಿಗೆ ಸರಿದಳು.

ಇದು... ಇದು ನಾನು.

ದನಿಯನ್ನು ನಿಧಾನ ಮಾಡಿದ್ದರು, ಪಾತಾಳಕ್ಕೆ ಇಳಿಸಿದ್ದರು. ಆದರೆ ಆ ಒಡೆದ ಜಾಗ ಅವಳದೇ. ಗೋಣಿತಟ್ಟಿನ ಕೋಣೆಯಲ್ಲಿ, ಧೂಳು ಮೆತ್ತಿದ ಮುಖದಲ್ಲಿ, ಅಳು ತಡೆದುಕೊಂಡು ಹೇಳಿದ ಮಾತು. ಅದನ್ನೀಗ ಒಂದು ರಾಕ್ಷಸನ ಬಾಯಿಗೆ ಹಾಕಿ ಹಾಲ್ ತುಂಬ ಕೇಳಿಸುತ್ತಿದ್ದಾರೆ.

ದೀಪ ಹತ್ತಿತು. ಚಪ್ಪಾಳೆ ನಿಲ್ಲಲೇ ಇಲ್ಲ.

"ಅದ್ಭುತ," ಎಂದರು ಮೃದುಲಾ. "ಮೈ ಜುಮ್ಮೆಂದಿತು. ಅದು ಯಾವ ಭಾಷೆ? ಆ ದೇಶದ ಹಳೆಯ ಭಾಷೆಯಾ?"

"ಅದು ನಮ್ಮ ಅಮರನ ಗುಟ್ಟು," ಎಂದ ಉತ್ಕರ್ಷ ಹೆಮ್ಮೆಯಿಂದ. ಅವನಿಗೂ ಒಂದಕ್ಷರ ಅರ್ಥವಾಗಿರಲಿಲ್ಲ.

ಆ ಹಾಲ್‌ನಲ್ಲಿ ಆ ಮಾತು ಅರ್ಥವಾಗಿದ್ದು ಇಬ್ಬರಿಗೇ. ಒಬ್ಬಳು ಎದ್ದು ಹಿಂದಿನ ಬಾಗಿಲ ಕಡೆ ನಡೆದಳು. ಇನ್ನೊಬ್ಬ ಮುಖ ಬಿಳಿಚಿಕೊಂಡು ನಿಂತಿದ್ದ.

"ಚಂದ ಆಗೇದ," ಎಂದಳು ಪ್ರಿಯಂವದಾ. ದನಿ ಏರಿಸಲಿಲ್ಲ. "ಭಾಳ ನಕ್ಕಿರಬೇಕಲ್ಲ ನೀವು, ಅದನ್ನ ಕೇಳಿ ಕೇಳಿ."

"ಇಲ್ಲರಿ. ನಿಮಗ ಹೇಳೂದಿತ್ತು..."

"ಯೇವಲಾದಾಗ ಹೇಳೂದದ ಅಂದ್ರಲ್ಲ. ಇದೇ ಏನು ಆ ಮಾತು?"

ಅಮರ ಯೋಚಿಸಿದ. ಎಲ್ಲ ಬಿಟ್ಟು ಆ ಗಳಿಗೆಯಲ್ಲಿ ಯೋಚಿಸಿದ. "ಹಾಂ... ಇದೂ..."

ಹಾಂ ಎಂಬುದಷ್ಟೇ ಅವಳ ಕಿವಿಗೆ ಬಿತ್ತು. ಒಂದು ವಾರ ಕನ್ನಡಿಯ ಮುಂದೆ ನಿಂತು ತಾನು ಕೊಡಬೇಕಾದ ಉತ್ತರ ಅಭ್ಯಾಸ ಮಾಡಿದ್ದ ಹುಡುಗಿಗೆ ಆ ಒಂದು ಅಕ್ಷರ ಸಾಕಾಯಿತು.

"ಇನ್ನ ನನಗ ಫೋನ್ ಮಾಡಬ್ಯಾಡ್ರಿ."

* * *

ಅವನು ಮಾಡಲೂ ಇಲ್ಲ. ಹೇಳಿದ್ದನ್ನು ಹಾಗೇ ಕೇಳುವ ಮನುಷ್ಯ. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಕೆಲವು ದಿನಗಳ ಮೇಲೆ ಉತ್ಕರ್ಷ ಅವಳ ಮೇಜಿನ ಬಳಿ ಬಂದು ಕುರ್ಚಿಯಲ್ಲಿ ದೊಪ್ಪನೆ ಕೂತ.

"ನಿನ್ನ ಆ ಗೆಳೆಯನಿಗೆ ಬುದ್ಧಿ ಹೇಳು. ಮೃದುಲಾ ಮೇಡಂ ಆಟ ಒಪ್ಪಿದ್ದೇ ಆ ದನಿಗೆ. ಇವನು ನೋಡಿದರೆ ಕೊಡಲ್ಲ ಅಂತಿದ್ದಾನೆ. ಬೇರೆ ದನಿ ಮಾಡ್ತೀನಿ, ಇಲ್ಲ ಅಂದ್ರೆ ಈ ಕೆಲಸವನ್ನೇ ಬಿಡ್ತೀನಿ ಅಂತ."

ಪ್ರಿಯಂವದಾ ತಲೆ ಎತ್ತಲಿಲ್ಲ. "ಯಾಕಂತೆ?"

"ಅದು ತನ್ನದಲ್ಲ, ಕೊಡೋಕೆ ತನಗೆ ಹಕ್ಕಿಲ್ಲ ಅಂತಾನೆ. ಮೊದಲೂ ಹಂಗೇ ಅಂದಿದ್ದ. ಬಾಯಿ ತೆರೆದು ಮುಚ್ಚೋದರ ಅಳತೆಗೆ ಅಂತ ನಾನೇ ಕಾಡಿ ಕೇಳಿದ್ದಕ್ಕೆ ಕಳಿಸಿದ್ದ. ಯಾರಿಗೂ ಕೇಳಿಸಬೇಡ, ದನಿ ಯಾರದೋ ಅವರನ್ನು ನಾನು ಮೊದಲು ಕೇಳಬೇಕು ಅಂದಿದ್ದ. ಅಷ್ಟು ಚೆನ್ನಾಗಿರೋದನ್ನು ಯಾರು ಬಿಡ್ತಾರೆ? ಬಾಯಿಯ ಕೆಲಸ ಬೇರೆಯವರ ಕೈಲಿ ಮಾಡಿಸಿ ನಾನು ಹಾಕಿಸಿದೆ."

"ನೀವು... ಅವನಿಗೆ ಹೇಳದೆ ಹಾಕಿಸಿದ್ರಾ?"

"ಹೇಳಿದ್ರೆ ಬಿಡ್ತಿದ್ನಾ?"

ಪ್ರಿಯಂವದಾ ಪೆನ್ನನ್ನು ಮೇಜಿನ ಮೇಲೆ ಎಷ್ಟು ಜೋರಾಗಿ ಇಟ್ಟಳೆಂದರೆ ಅದು ಪುಟಿದು ಉತ್ಕರ್ಷನ ಚಹಾದಲ್ಲಿ ಬಿತ್ತು.

ಮನೆಗೆ ಬಂದಳು. ಅಡುಗೆಮನೆಯಲ್ಲಿ ಅಮ್ಮ ಶುಭಾ ಈರುಳ್ಳಿ ಹೆಚ್ಚುತ್ತಿದ್ದರು. ಅಪ್ಪ ಮಧುಕರ ಪೇಪರು ಹಿಡಿದು ಅಲ್ಲೇ ಕೂತಿದ್ದರು. ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು. ದನಿಯ ಕಥೆ, ಹಾಲ್‌ನ ಕಥೆ, ಉತ್ಕರ್ಷನ ಕಥೆ.

"ಈಗ ಸಿಟ್ಟು ಯಾರ ಮ್ಯಾಲೆ ಮಾಡ್ಲಿ ನಾನು? ಉತ್ಕರ್ಷನ ಮ್ಯಾಲ? ಅವನಿಗೆ ದನಿ ನಂದು ಅಂತ ಗೊತ್ತೇ ಇಲ್ಲ. ಅಮರನ ಮ್ಯಾಲ? ಅವ ಕೇಳದೇ ಅದನ್ನ ಇಟ್ಕೊಂಡಿದ್ದು ತಪ್ಪು. ಆದ್ರ ಈಗ ಕೆಲಸಾನೇ ಬಿಡ್ತೀನಿ ಅಂತ ಕೂತಾನ. ತಪ್ಪು ಮಾಡಿದವರು ತಪ್ಪನ್ನಾದ್ರೂ ನೆಟ್ಟಗ ಮಾಡಬೇಕಲ್ಲ."

ಶುಭಾ ಸೆರಗಿನಿಂದ ಕಣ್ಣೊರೆಸಿಕೊಂಡರು. ಈರುಳ್ಳಿಗೋ ಏನೋ. "ಆ ಬೀದರದ ಹುಡುಗ ಏನ? ಅವರು ಲಿಂಗಾಯತರು, ಹೌದಲ್ಲ?"

"ಅಮ್ಮಾ, ನಾ ಏನ್ ಹೇಳ್ಲಿಕತ್ತೀನಿ, ನೀ ಏನ್ ಕೇಳ್ಲಿಕತ್ತಿ?"

"ನೀ ಹೇಳಲಾರದ್ದನ್ನ ಕೇಳ್ಲಿಕತ್ತೀನಿ."

ಮಧುಕರ ಪೇಪರು ಕೆಳಗಿಟ್ಟರು. "ಶುಭಾ, ಈ ಊರಾಗ ನಾವು ಮನಿ ಬಿಟ್ಟು ಹೊರಗ ಕನ್ನಡ ಮಾತಾಡಿದ್ದು ಯಾವಾಗ, ನೆನಪದ ಏನು? ಇಕಿ ದಿನಾ ಸಂಜೀಕ ಒಂದು ತಾಸು ಫೋನಿನಾಗ ಜಗಳಾಡ್ತಿದ್ಲು, ಕನ್ನಡದಾಗ. ಆ ಸದ್ದು ನಿಂತು ಮನಿ ಭಣಭಣ ಅನ್ನಲಿಕತ್ತದ." ಮಗಳ ಕಡೆ ತಿರುಗಿದರು. "ಹೋಗಿ ಜಗಳಾಡಿ ಬಾರವಾ. ಇಲ್ಲಿ ನಮ್ಮ ಜೋಡಿ ಆಡಿದ್ರ ಏನುಪಯೋಗ?"

* * *

ಮೋಂಢಾದ ಅಂಗಡಿಯ ಕಟ್ಟೆಯಲ್ಲಿ ಅಮರನ ಅಪ್ಪ ವಿಶ್ವನಾಥಪ್ಪ ಬೇಳೆಯನ್ನು ಅಂಗೈಯಲ್ಲಿ ಹಿಡಿದು ಬೇಸರದಿಂದ ನೋಡುತ್ತಿದ್ದರು. ಪ್ರಿಯಂವದಾಳನ್ನು ಕಂಡು ಅದನ್ನೇ ಅವಳ ಮುಂದೆ ಹಿಡಿದರು.

"ನೋಡವಾ, ಎಲ್ಲಾ ನುಚ್ಚಾಗ್ಯಾದ. ದಿನಾ ಮ್ಯಾಲ ಚೀಲ ಎತ್ತಿ ಒಗೀಲಕತ್ತಾನ. ನಡುವ ನಡುವ ಕೋಣ ಒದರಿದಾಂಗ ಒದರ್ತಾನ. ಗಿರಾಕಿ ಹೆದರಿ ಹೋಗ್ಲಕತ್ತಾರ. ಏನಾಗ್ಯಾದ ಅವನಿಗಿ?"

"ನೋಡ್ತೀನ್ರಿ," ಎಂದು ಅವಳು ಮೆಟ್ಟಿಲು ಹತ್ತಿದಳು.

ಅಮರ ಮೈಕಿನ ಮುಂದೆ ನಿಂತಿದ್ದ. ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡಿದ್ದ, ಆ ಸೆಖೆಯಲ್ಲಿ. ಅವಳನ್ನು ನೋಡಿ ಬಾಯಿ ತೆರೆದ. ಕೀರಲು ಗಾಳಿಯಷ್ಟೇ ಹೊರಬಂತು. ಒದರಿ ಒದರಿ ಗಂಟಲು ಕೂತಿತ್ತು.

ಪ್ರಿಯಂವದಾ ಹಣೆ ಹಿಡಿದುಕೊಂಡಳು. ದಾರಿಯುದ್ದಕ್ಕೂ ಅವನಿಗೆ ಏನೇನು ಕೇಳಬೇಕೆಂದು ಜೋಡಿಸಿಕೊಂಡು ಬಂದಿದ್ದಳು. ಈಗ ನೋಡಿದರೆ ಉತ್ತರ ಕೊಡಲು ಇವನಿಗೆ ದನಿಯೇ ಇಲ್ಲ.

"ಕೂಡ್ರಿ," ಎಂದಳು. "ಮೆತ್ತಗ ಮಾತಾಡ್ರಿ. ಉತ್ಕರ್ಷ ಎಲ್ಲಾ ಹೇಳ್ಯಾನ. ಆದ್ರ ನೀವು ಹೇಳಬೇಕು. ಯಾಕ ಇಟ್ಕೊಂಡ್ರಿ ಅದನ್ನ?"

ಅವನು ಯೋಚಿಸಿದ. ಅವಳು ಕಾದಳು. ಅಷ್ಟು ಹೊತ್ತು ಅವಳು ಯಾರಿಗೂ ಕಾದವಳಲ್ಲ.

"ಆ ದಿನ ನೀವು ಹೋದ ಮ್ಯಾಲ ನೋಡ್ದೆ, ಮೈಕ್ ಚಾಲೂನೇ ಇತ್ತು," ಎಂದ ಪಿಸುದನಿಯಲ್ಲಿ. "ಅಳಸಬೇಕಿತ್ತು. ಅಳಸೋಕಿಂತ ಮೊದಲ ಒಂದ್ಸಲ ಕೇಳ್ದೆ. ನಾ ಎಷ್ಟೋ ದಿನ ಹುಡಕ್ತಿದ್ದ ದನಿ ಅದು. ಅದಕ್ಕೇ ದೈತ್ಯನಿಗಿ ಹಚ್ಚಿ ನೋಡ್ದೆ. ಅದು ಕೆಲಸದ ಮಾತು. ನಿಮ್ಮನ್ನ ಕೇಳಲಾರದೇ ಮಾಡ್ದೆ, ತಪ್ಪಾತು."

"ಕೆಲಸದ್ದಲ್ಲದ ಮಾತೂ ಅದ ಏನು?"

ಅವನು ಮಫ್ಲರಿನ ತುದಿ ಎಳೆದ.

"ಅದಾದ ಮ್ಯಾಲೂ ದಿನಾ ಕೇಳ್ತಿದ್ದೆ. ದೈತ್ಯನ ಸಲುವಾಗಿ ಅಲ್ಲ. ಇಳಿಸಿದ್ದಲ್ಲ, ನಿಮ್ಮ ದನಿ, ಇದ್ದಾಂಗ. ಬಿಡ್ರಿ ನನ್ನ ಅಂತೀರಲ್ಲ ಕಡೀಕ... ಅದನ್ನ ಕೇಳ್ದಾಗೆಲ್ಲಾ, ಇವರಿಗಿ ಯಾರೂ ಇಷ್ಟು ಕಾಡಬಾರದು ಅನಸ್ತಿತ್ತು. ಆಮ್ಯಾಲ ನಾನೇ ಕಾಡ್ಲಕತ್ತೀನಲ್ಲ ಅಂತ ನೆನಪಾಗ್ತಿತ್ತು. ಯೇವಲಾದಾಗ ಎರಡೂ ಹೇಳೂದಿತ್ತು. ಯಾವುದು ಮೊದಲ ಹೇಳ್ಲಿ ಅಂತ ವಿಚಾರ ಮಾಡೂದ್ರಾಗ ಬಸ್ ಬಿಡ್ತು."

ಹಾಳು ಮನುಷ್ಯ... ಇಷ್ಟನ್ನು ಹೇಳಲಿಕ್ಕೆ ಇವನಿಗೆ ಗಂಟಲು ಹೋಗಬೇಕಾಯಿತು.

"ನನಗ ಕೇಳಸ್ರಿ," ಎಂದಳು.

ಅವನು ಹೆಡ್‌ಫೋನ್ ಕೊಟ್ಟ. ಅವಳು ಕಣ್ಣು ಮುಚ್ಚಿ ತನ್ನ ಮಾತನ್ನು ತಾನೇ ಕೇಳಿದಳು. ಇಷ್ಟು ದಿನ ಅದು ನಗೆಪಾಟಲು ಅಂದುಕೊಂಡಿದ್ದಳು. ಅಲ್ಲಿ ನಗುವಂಥದ್ದೇನೂ ಇರಲಿಲ್ಲ. ಬಹಳ ದಣಿದ ಒಬ್ಬ ಹುಡುಗಿ ಇದ್ದಳು, ಅಷ್ಟೇ. ಅವಳ ಬಗ್ಗೆ ಪ್ರಿಯಂವದಾಗೇ ಕನಿಕರ ಹುಟ್ಟಿತು.

ಹೆಡ್‌ಫೋನ್ ತೆಗೆದಿಟ್ಟು, ಕೀಬೋರ್ಡಿಗೆ ಕೈ ಹಾಕಿ, ತಾನೇ ಅದನ್ನು ಅಳಿಸಿದಳು.

ಅಮರ ತಡೆಯಲಿಲ್ಲ. ತಲೆಯಾಡಿಸಿದ. "ಛಲೋ ಆತು. ಉತ್ಕರ್ಷನ ಕಡಿ ಇರೂದನ್ನೂ ತೆಗಸ್ತೀನಿ. ಕೆಲಸ ಹೋದ್ರ ಹೋಗ್ಲಿ."

"ಯಾಕ ಹೋಗಬೇಕು? ನನ್ನ ಹ್ರುಂಗ್ನಿರ್ ಮೂಕ ಆಗಿ ಇರಬೇಕೇನು?" ಅವಳು ಎದ್ದು ಮೈಕಿನ ಮುಂದೆ ನಿಂತಳು. "ಈಗ ಕೇಳ್ರಿ ನನ್ನ. ನೆಟ್ಟಗ ಕೇಳ್ರಿ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಎದ್ದು ನಿಂತು, ಮಫ್ಲರ್ ತೆಗೆದು, ಎರಡೂ ಕೈ ಜೋಡಿಸಿ ಕೇಳಿದ, "ಪ್ರಿಯಂವದಾ, ನಮ್ಮ ದೈತ್ಯನಿಗಿ ನಿಮ್ಮ ದನಿ ಕೊಡ್ತೀರೇನ್ರಿ?"

"ಕೊಡ್ತೀನಿ. ಆದ್ರ ಆಟದಾಗ ನನ್ನ ಹೆಸರು ಬರಬೇಕು. ದನಿ, ಪ್ರಿಯಂವದಾ ಅಂತ."

"ಬರ್ತದ."

"ಭಾಷಾ ಕನ್ನಡ ಅಂತನೂ."

"ದೊಡ್ಡ ಅಕ್ಷರದಾಗ ಬರ್ತದರಿ."

ಕೆಂಪು ದೀಪ ಹತ್ತಿತು. ಪ್ರಿಯಂವದಾ ಉಸಿರೆಳೆದುಕೊಂಡಳು. "ಸಾಕಾಗೇದ ನನಗ..." ಎಂದವಳಿಗೆ ನಗು ಬಂತು. ಮತ್ತೆ ಶುರು ಮಾಡಿದಳು. ಮತ್ತೆ ನಗು. ಎಷ್ಟು ಸಲ ಮಾಡಿದರೂ ಸಿಟ್ಟು ಹತ್ತಿರ ಸುಳಿಯಲಿಲ್ಲ. ಹುಟ್ಟಿದಾಗಿನಿಂದ ಕರೆಯದೇ ಬರುತ್ತಿದ್ದ ಸಿಟ್ಟು, ಬೇಕಾದಾಗ ಎಲ್ಲಿ ಹೋಯಿತು?

ಅಮರ ಗಲ್ಲ ಕೆರೆದುಕೊಂಡ. "ಹಂಗಾರ ಒಂದ್ ಮಾತು. ಹ್ರುಂಗ್ನಿರ್‌ನ ಹುಬ್ಬು ಅದಲ್ಲ, ನನಗ್ಯಾಕೋ ಅದು..."

"ಏನು?"

"ಏನೋ ಕಮ್ಮಿ ಅನಸ್ತದ."

ಆಮೇಲೆ ಪ್ರಿಯಂವದಾ ಆಡಿದ ಮಾತು ಕೆಳಗೆ ಅಂಗಡಿಯವರೆಗೂ ಕೇಳಿತು. ಒಂದು ವರ್ಷದ ಹುಬ್ಬುಗಳ ಲೆಕ್ಕ, ಅವನ ಯೋಚನೆಗಳ ಲೆಕ್ಕ, ತಪ್ಪಿಹೋದ ಬಸ್ಸುಗಳ ಲೆಕ್ಕ, ಎಲ್ಲ ಬಂತು. ಅಮರ ತಲೆ ತಗ್ಗಿಸಿ ಬಟನ್ ಹಿಡಿದು ಕೂತಿದ್ದ. ಅವಳು ಏದುಸಿರು ಬಿಡುತ್ತಾ ನಿಂತಾಗ ಬೆರಳೆತ್ತಿ ಪಿಸುಗುಟ್ಟಿದ, "ಭಾರೀ ಆತು. ಈಗ ಸುಮ್ಮ ನಿಂದರ್ರಿ. ಖಾಲಿ ಖೋಲಿಯ ಸದ್ದೂ ಹಿಡೀಬೇಕು. ಯಾರೂ ಮಾತಾಡಂಗಿಲ್ಲ."

ಇಬ್ಬರೂ ಸುಮ್ಮನೆ ನಿಂತರು. ಗೋಣಿತಟ್ಟಿನ ಕೋಣೆಯಲ್ಲಿ ಬರೀ ಅವರ ಉಸಿರು.

ಅವಳ ಕಣ್ಣು ಅವನ ಕಣ್ಣನ್ನು ಸಂಧಿಸಿತು. ಎಷ್ಟೋ ತಿಂಗಳಲ್ಲಿ ಮೊದಲ ಸಲ ಅವನು ಯೋಚಿಸಲಿಲ್ಲ.

"ನೀವು ಹೊಳ್ಳಿ ನಾಶಿಕಕ್ಕ ಹೋಗೂದು ನನಗ ಸೇರೂದಿಲ್ಲರಿ," ಎಂದ, ಆ ಒಡಕು ದನಿಯಲ್ಲಿ. "ನೀವು ಅಂದ್ರ ನನಗ ಜೀವ."

ಕೆಂಪು ದೀಪ ಉರಿಯುತ್ತಲೇ ಇತ್ತು.

"ರೆಕಾರ್ಡಿಂಗ್ ಕೆಡಿಸಿದ್ರಿ," ಎಂದಳು ಪ್ರಿಯಂವದಾ.

"ಕೆಡ್ಲಿ."

"ಮತ್ತೊಮ್ಮೆ ಮಾಡಬೇಕಾಗ್ತದ."

"ಮಾಡೋಣ."

"ಈಗ ಅಂದ್ರಲ್ಲ, ಅದನ್ನೂ ಮತ್ತೊಮ್ಮೆ ಹೇಳಬೇಕಾಗ್ತದ. ದನಿ ಸರಿಯಾಗಿ ಕೇಳಲಿಲ್ಲ ನನಗ."

ಅಮರ ಮೈಕನ್ನು ಪಕ್ಕಕ್ಕೆ ಸರಿಸಿ ಅವಳ ಹತ್ತಿರ ಬಂದ.

"ಎಷ್ಟ್ ಸಲ ಹೇಳ್ಲಿ?"

"ಹೇಳಕೋತ ಇರ್ರಿ," ಎಂದಳು ಅವಳು. "ಸಾಕಾದಾಗ ನಾನೇ ಹೇಳ್ತೀನಿ."